ಬೆಸುಗೆಯ ಒಳಮೈ

ನನ್ನ ಬೆಸುಗೆ ಸೋರಿತು ಎಂದು ಹೇಳುವ ಗಂಡಸು ಬೆಳಗಾವಿಯಲ್ಲಿ ಇನ್ನೂ ಹುಟ್ಟಿಲ್ಲ. ಜಂಬ ಅಂದರೆ ಜಂಬವೇ ಅನ್ನಿ. ಹದಿಮೂರು ವರ್ಷ ತಾಮ್ರದ ಪೈಪಿಗೆ ಬೆಂಕಿ ಹಿಡಿದು ಕಣ್ಣು ಕೆಂಪು ಮಾಡಿಕೊಂಡವನಿಗೆ ಅಷ್ಟೂ ಬೇಡವೇ? ಕಾಗದದಲ್ಲಿ ಮಾತ್ರ ಈಗ ಬೇರೆ ಇದೆ. ಕಾಗದದ ಪ್ರಕಾರ ಸತ್ಯಪ್ಪನೆಂಬ ನಾನೊಬ್ಬ ಕೆಲಸಗೇಡಿ. ನಾಲ್ಕಂತಸ್ತಿನ ಕಟ್ಟಡದ ಎಸಿಯನ್ನು ಒಂಬತ್ತೇ ದಿನದಲ್ಲಿ ಸುಟ್ಟವನು. ಆ ಕಾಗದದ ಕೆಳಗಿರುವ ಸಹಿ ನನ್ನದೇ.

ನಮ್ಮ ಕೆಲಸಕ್ಕೆ ವಿ.ಆರ್.ಎಫ್. ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಮನೆಯ ಎಸಿಗೆ ಒಳಗೊಂದು ಡಬ್ಬಿ, ಹೊರಗೊಂದು ಡಬ್ಬಿ, ಮುಗಿಯಿತು. ದೊಡ್ಡ ಕಟ್ಟಡಕ್ಕೆ ಹಾಗೆ ಮಾಡಿದರೆ ಗೋಡೆಯ ತುಂಬ ಡಬ್ಬಿಗಳೇ ಆಗುತ್ತವೆ. ಅದಕ್ಕೇ ಇಲ್ಲಿ ತಾರಸಿಯ ಮೇಲೆ ಆಳೆತ್ತರದ ಎರಡು ಯಂತ್ರ. ಅಲ್ಲಿಂದ ಹೊರಟ ಒಂದು ಜೋಡಿ ತಾಮ್ರದ ಪೈಪು ಕವಲೊಡೆಯುತ್ತ, ಕವಲೊಡೆಯುತ್ತ ನಲವತ್ತು ಕೋಣೆಗಳಿಗೆ ಇಳಿಯುತ್ತದೆ. ಯಾವ ಕೋಣೆಗೆ ಎಷ್ಟು ಬೇಕೋ ಅಷ್ಟೇ ಗ್ಯಾಸು ಹರಿಯುತ್ತದೆ. ಬೇಸಿಗೆಯಲ್ಲಿ ತಂಪು, ಅದೇ ಗ್ಯಾಸನ್ನು ತಿರುಗಿಸಿ ಓಡಿಸಿದರೆ ಚಳಿಗಾಲದಲ್ಲಿ ಬಿಸಿ. ಚೆಂದದ ಯಂತ್ರ, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲವೂ ಒಂದೇ ಪೈಪಿಗೆ ಜೋಡಿಸಿದ ಸಂಸಾರ. ಒಂದು ಕಡೆ ಕೆಟ್ಟರೆ ನಲವತ್ತು ಕೋಣೆಗೂ ಸೂತಕ.

ಆ ಕವಲುಗಳ ಬೆಸುಗೆಯೇ ನನ್ನ ಅನ್ನ. ಪೈಪಿಗೆ ಬೆಂಕಿ ಹಿಡಿದಾಗ ಒಳಗಿನ ಗಾಳಿ ತಾಮ್ರವನ್ನು ಸುಡುತ್ತದೆ, ಒಳಮೈಗೆ ಕರಿ ಹೊಪ್ಪಳೆ ಕಟ್ಟುತ್ತದೆ. ಮುಂದೆ ಆ ಹೊಪ್ಪಳೆ ಉದುರಿ ಗ್ಯಾಸಿನ ಜೊತೆ ಹೋಗಿ ಕಂಪ್ರೆಸರನ್ನು ತಿಂದುಹಾಕುತ್ತದೆ. ಅದಕ್ಕೇ ಬೆಸೆಯುವಾಗ ಪೈಪಿನೊಳಗೆ ಸಣ್ಣಗೆ ನೈಟ್ರೋಜನ್ ಬಿಟ್ಟುಕೊಂಡಿರಬೇಕು. ಆಗ ಒಳಮೈ ಹೊಸದಾಗಿ ಬೆಳಗಿದ ತಂಬಿಗೆಯಂತೆ ಉಳಿಯುತ್ತದೆ. ನೈಟ್ರೋಜನ್ ಬಿಟ್ಟಿದ್ದೀಯೋ ಇಲ್ಲವೋ ಎಂದು ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು. ಸಿಲಿಂಡರ್ ಹೊತ್ತು ನಾಲ್ಕಂತಸ್ತು ಹತ್ತುವ ಬೇಸರಕ್ಕೆ ಬಿಡದವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಮಾತ್ರ ಒಂದೇ ಒಂದು ಬೆಸುಗೆಗೂ ನೈಟ್ರೋಜನ್ ತಪ್ಪಿಸಿದವನಲ್ಲ.

ಇದನ್ನು ಕಲಿಸಿದವರು ಬಾಳಾಸಾಹೇಬರು, ನಮ್ಮ ಮಾಲಕರು. ಊರಿಗೆಲ್ಲ ಸಾಹೇಬರು, ನನಗೆ ಕಾಕಾ. ಕಣಕುಂಬಿ ಕಡೆಯ ನಮ್ಮ ವಾಡಿಯಲ್ಲಿ, ಹತ್ತು ಗುಡಿಸಲಿನ ಹಳ್ಳಿಯಲ್ಲಿ, ಅಪ್ಪ ಆಡು, ಎಮ್ಮೆ ಕಾಯುತ್ತಿದ್ದ. ನಾನು ಹತ್ತನೆಯ ಇಯತ್ತೆ ಮುಗಿಸಿ ಖಾನಾಪುರಕ್ಕೆ ಕಲಿಯಲು ಬಂದಾಗ ಕಾಕಾ ಅಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿದ್ದರು. ಸಂಜೆ ಕೆಲಸಕ್ಕೆ ಸೇರಿಕೊಂಡೆ. ಮೂರನೆಯ ದಿನ ಮನೆಗೆ ಊಟಕ್ಕೆ ಕರೆದರು. ಅವರ ಹೆಂಡತಿ ಶಿವಲಿಂಗವ್ವ ಕಾಕು ನನ್ನ ತಾಟಿಗೆ ಎರಡನೆಯ ರೊಟ್ಟಿ ಹಾಕುತ್ತ, "ಇನ್ನ ಮ್ಯಾಲ ಖಾನಾವಳಿಗೆ ಹೋಗಬ್ಯಾಡ, ಇಲ್ಲೇ ಉಣ್ಣು," ಅಂದರು. ಆರು ವರ್ಷ ಆ ಮನೆಯಲ್ಲಿ ಉಂಡೆ. ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂಡುವ ಅವರ ಮನೆಯಲ್ಲಿ ವಾಡಿಯಿಂದ ಬಂದ ನನಗೆ ಬೇರೆ ತಾಟು ಇಡಲಿಲ್ಲ. ಈ ಒಂದು ಮಾತನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಆಮೇಲೆ ಕಾಕಾ ಬೆಳೆದರು. ಪೀರನವಾಡಿಯಲ್ಲಿ ಗೋದಾಮು ಹಾಕಿದರು, ದೊಡ್ಡ ಎಸಿ ಕಂಪನಿಯೊಂದರ ಏಜೆನ್ಸಿ ಹಿಡಿದರು, ಹದಿನಾಲ್ಕು ಜನ ಕೆಲಸಗಾರರಾದರು. ಕಂಪನಿಯವರು ಪರೀಕ್ಷೆ ಮಾಡಿ ಬೆಸುಗೆಯ ಸರ್ಟಿಫಿಕೇಟ್ ಕೊಟ್ಟದ್ದು ನಮ್ಮಲ್ಲಿ ನನಗೊಬ್ಬನಿಗೆ. ನನ್ನ ಹೆಂಡತಿ ಲಕ್ಷ್ಮೀ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ನೆಂಟರು ಬಂದರೆ ನನ್ನ ಮದುವೆಯ ಫೋಟೋಕ್ಕಿಂತ ಮೊದಲು ಅದನ್ನೇ ತೋರಿಸುತ್ತಿದ್ದಳು.

ಹೋದ ಡಿಸೆಂಬರಿನಲ್ಲಿ ಚನ್ನಬಸಯ್ಯನವರ ಕಟ್ಟಡದ ಕೆಲಸ ಮುಗಿಸಿದೆವು. ರವಿವಾರ ಪೇಟೆಯಲ್ಲಿ ಮೂರು ತಲೆಮಾರಿನ ಮೆಣಸಿನಕಾಯಿ ವ್ಯಾಪಾರ ಅವರದು. ಪೀರನವಾಡಿ ಕಡೆ ಜಾಗ ತೆಗೆದುಕೊಂಡು ಕೆಳಗೆ ಬ್ಯಾಂಕು, ನಡುವೆ ಬಟ್ಟೆಯ ಶೋರೂಮು, ಮೇಲೆ ಆಫೀಸುಗಳು ಎಂದು ಗಾಜಿನ ಕಟ್ಟಡ ಎಬ್ಬಿಸಿದ್ದರು. ಅವರಿಗೆ ತಂಪಿನ ಹುಚ್ಚಿಗಿಂತ ಬಿಸಿಯ ಹುಚ್ಚು ಜಾಸ್ತಿ. ಸಿಕ್ಕವರಿಗೆಲ್ಲ, "ಬೆಳಗಾಂವ ಥಂಡ್ಯಾಗ ಎಸಿಯಿಂದ ಬೆಚ್ಚಗ ಗಾಳಿ ಬರ್ತೈತಿ, ಉದ್ಘಾಟನೆಗೆ ಬರ್ರಿ, ಕೈ ಹಿಡದ ನೋಡ್ರಿ," ಎಂದು ಹೇಳಿಬಿಟ್ಟಿದ್ದರು.

ಉದ್ಘಾಟನೆ ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಬುಧವಾರ ಸಂಜೆ ಐದಕ್ಕೆ ನಾನು ತಾರಸಿಯ ಯಂತ್ರಗಳಿಗೆ ಕರೆಂಟು ಕೊಟ್ಟೆ. ಓಡಿಸಲಿಕ್ಕಲ್ಲ. ಯಂತ್ರ ತಣ್ಣಗೆ ನಿಂತಾಗ ಗ್ಯಾಸು ನೀರಾಗಿ ಕಂಪ್ರೆಸರಿನ ಎಣ್ಣೆಯಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಸಣ್ಣ ಹೀಟರು ಹನ್ನೆರಡು ತಾಸು ಎಣ್ಣೆಯನ್ನು ಬೆಚ್ಚಗೆ ಮಾಡಿ ಆ ಗ್ಯಾಸನ್ನು ಓಡಿಸಿದ ಮೇಲೆಯೇ ಚಾಲೂ ಮಾಡಬೇಕು. ಇಲ್ಲದಿದ್ದರೆ ಎಣ್ಣೆ ನೊರೆಯಾಗಿ ಹೊರಟುಹೋಗುತ್ತದೆ, ಕಬ್ಬಿಣ ಕಬ್ಬಿಣವನ್ನು ತಿಕ್ಕುತ್ತದೆ. ಕಂಪನಿಯ ಫಾರ್ಮಿನಲ್ಲಿ ಇದಕ್ಕೇ ಬೇರೆ ಸಾಲು ಇದೆ, ಅಲ್ಲಿ ಏಜೆನ್ಸಿಯವರು ಸಹಿ ಮಾಡಬೇಕು.

ಅರ್ಧ ತಾಸೂ ಆಗಿರಲಿಲ್ಲ, ಕೆಳಗಿನಿಂದ ಚನ್ನಬಸಯ್ಯನವರ ಕೂಗು. ಬಾಗಿಲಿಗೆ ತೋರಣ ಕಟ್ಟಿಸುತ್ತಿದ್ದವರು ಶೋರೂಮಿನ ಮಾಳಿಗೆಯಲ್ಲಿ ಎಸಿಯ ಹಸಿರು ದೀಪ ನೋಡಿಬಿಟ್ಟಿದ್ದರು.

"ಯಾರಪಾ ಕರೆಂಟ್ ಹಾಕಿದಾಂವ? ನಮ್ಮವ್ವ ದೀಪಾ ಹಚ್ಚೂಕಿಂತ ಮೊದಲ ಈ ಮನ್ಯಾಗ ಕರೆಂಟ್ ಹರೀತಂದ್ರ ಹೆಂಗ?"

ಅವರ ಮನೆತನದ ಪದ್ಧತಿ ಅದು. ಹೊಸ ಅಂಗಡಿಯ ಮೊದಲ ಬೆಳಕು ಮನೆಯ ಹಿರಿಯ ಹೆಂಗಸಿನ ಕೈಯಿಂದಲೇ ಆಗಬೇಕು. ಅದಕ್ಕಿಂತ ಮೊದಲು ಅಲ್ಲಿ ಬೀಡಿಯನ್ನೂ ಹಚ್ಚಬಾರದು. ಎಂಬತ್ತು ದಾಟಿದ ಅವರ ತಾಯಿ ಸಿದ್ದಕ್ಕ ಮರುದಿನ ದೀಪ ಹಚ್ಚಿ, ಮೇನ್ ಸ್ವಿಚ್ಚಿಗೆ ಕುಂಕುಮವಿಟ್ಟು ಹಾಕುವವರಿದ್ದರು. ಆರು ತಿಂಗಳು ಕಟ್ಟಡದ ಕೆಲಸ ನಡೆದದ್ದು ಬಾಜು ಪ್ಲಾಟಿನ ತಂತಿಯಿಂದ. ಅದು ಲೆಕ್ಕಕ್ಕಿಲ್ಲವಂತೆ, ಮನೆಯ ಮೀಟರಿನದಷ್ಟೇ ಲೆಕ್ಕವಂತೆ! ಇಂಥ ಶಾಸ್ತ್ರ ಎಲ್ಲಿ ಬರೆದಿದೆಯೋ ಶಿವನೇ ಬಲ್ಲ.

ಕಾಕಾ ಅಲ್ಲೇ ಇದ್ದರು. ಅಯ್ಯನವರಿಗೆ ಕೈಮುಗಿದು, "ತಪ್ಪಾತ್ರಿ ಅಯ್ಯಾರ, ಈಗ ಬಂದ ಮಾಡಸ್ತೇನಿ," ಅಂದರು. ನನ್ನನ್ನು ಮೆಟ್ಟಿಲಿನ ಬಾಜು ಕರೆದುಕೊಂಡು ಹೋದರು.

"ಕಾಕಾ, ಕಡೀಕ ಬಾಜು ಪ್ಲಾಟಿನ ವಾಯರ್ ಆದ್ರೂ ಎಳಕೊಳ್ಳೂಣು," ಅಂದೆ.

"ಆ ವಾಯರ್‌ಗೆ ಅಷ್ಟ ದೊಡ್ಡ ಮಶೀನ ತಡೀತಾವೇನ? ಮತ್ತ ಅದನ್ನ ಮಧ್ಯಾಹ್ನನ ಬಿಚ್ಚಿ ಒಯ್ದಾರ."

"ಹಂಗಾರ ನಾಳೆ ದೀಪಾ ಹಚ್ಚಲಿ, ಸ್ವಿಚ್ ಹಾಕಲಿ. ಎಸಿ ನಾಡಿದ್ದ ಚಾಲೂ ಮಾಡೂಣು. ಥಂಡಿ ಎಷ್ಟ ಬಿದ್ದೈತಿ ನೋಡ್ರಿ. ಎಣ್ಣಿ ಕಾಯದ ಚಾಲೂ ಮಾಡಿದ್ರ ಸತ್ತ ಹೊಕ್ಕಾವ ಅವು."

"ನಾಳೆ ನಾಕನೂರು ಮಂದಿ ಕೈ ಹಿಡದ ನೋಡಾಕ ಬರ್ತಾರ. ಬಿಸಿ ಗಾಳಿ ಬರಲಿಲ್ಲಂದ್ರ ನಾ ಮಾರಿ ಎಲ್ಲಿ ಇಟ್ಕೊಳ್ಳಿ? ಒಂದ ಸಲಕ್ಕ ಏನೂ ಆಗೂದಿಲ್ಲ, ಬಿಡೋ ಸತ್ಯಾ."

ಒಂದು ಸಲಕ್ಕೆ ಏನೂ ಆಗುವುದಿಲ್ಲ! ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಅವರ ಬಾಯಿಗೆ ಬೀಗ ಹಾಕುತ್ತಿದ್ದೆ. ಕಾಕಾ ಹೇಳಿದರು. ಮೇಲೆ ಹೋಗಿ ಬಂದ್ ಮಾಡಿದೆ. ಆ ಸಂಜೆಯೇ ಅವರು ಫಾರ್ಮಿನ ಆ ಸಾಲಿನಲ್ಲಿ, ಹನ್ನೆರಡು ತಾಸು ಕರೆಂಟು ಹರಿದಿದೆ ಎಂದು ಸಹಿ ಮಾಡಿದರು.

ಗುರುವಾರ ನಾನು ತಾರಸಿಯ ಮೇಲೆ ಯಂತ್ರದ ಸ್ವಿಚ್ಚಿಗೆ ಕೈಯಿಟ್ಟು ನಿಂತಿದ್ದೆ. ಕೆಳಗೆ ಬ್ಯಾಂಡು, ಪೆಂಡಾಲು, ಶಿರಾದ ವಾಸನೆ. ಫೋನು ಬಂತು. "ಅವ್ವಾರು ಸ್ವಿಚ್ ಹಾಕಿದ್ರು. ಚಾಲೂ ಮಾಡು." ಮೂರು ನಿಮಿಷ ಹಾಕಲಿಲ್ಲ. ಮತ್ತೆ ಫೋನು. "ಸತ್ಯಾ, ಮಂದಿ ಕೈ ಮ್ಯಾಲ ಎತ್ತಿ ನಿಂತಾರೋ." ಹಾಕಿದೆ. ಅದನ್ನು ಮುಚ್ಚಿಡುವುದಿಲ್ಲ, ಹಾಕಿದ್ದು ನನ್ನ ಕೈಯೇ. ಹಿಟ್ಟಿನ ಗಿರಣಿಯಲ್ಲಿ ಹರಳು ಸಿಕ್ಕಂಥ ಸಪ್ಪಳ ಒಂದರ್ಧ ನಿಮಿಷ ಬಂತು. ಆಮೇಲೆ ಯಂತ್ರ ಹಾದಿಗೆ ಬಿತ್ತು. ಕೆಳಗೆ ಚಪ್ಪಾಳೆ ಕೇಳಿಸಿತು, ಬಿಸಿ ಗಾಳಿ ಬಂದಿರಬೇಕು. ನಾನು ಶಿರಾ ಕೂಡ ತಿನ್ನದೆ ಮನೆಗೆ ಹೋದೆ.

ಒಂಬತ್ತನೆಯ ದಿನ ಒಂದು ಕಂಪ್ರೆಸರು ತಿರುಗದೆ ಹಿಡಿದುಕೊಂಡಿತು, ಸಂಜೆಯೊಳಗೆ ಇನ್ನೊಂದು. ನಲವತ್ತು ಕೋಣೆಯೂ ಗಪ್ಪು. ಬ್ಯಾಂಕಿನವರು ಸ್ವೆಟರ್ ಹಾಕಿಕೊಂಡು ಕೂತರು. ಚನ್ನಬಸಯ್ಯನವರು ಗೋದಾಮಿಗೇ ಬಂದು ಕಾಕಾರನ್ನು ಹದಿನಾಲ್ಕು ಜನರ ಎದುರು ಬೈದು ಹೋದರು. ಅಯ್ಯನವರಿಗೆ ಅವರ ಪದ್ಧತಿಯೇ ಯಂತ್ರವನ್ನು ಕೊಂದಿತೆಂದು ಹೇಳುವ ಎದೆ ಕಾಕಾರಿಗೆ ಇರಲಿಲ್ಲ. ಕಾರಣ ಹುಡುಕಲು ಕಂಪನಿಯ ಹುಬ್ಬಳ್ಳಿ ಆಫೀಸಿನಿಂದ ದೊಡ್ಡ ಇಂಜಿನಿಯರು ಬರುತ್ತಾರೆಂದು ಸುದ್ದಿ ಬಂತು.

ಅದೇ ರವಿವಾರ ಕಾಕಾ ನನ್ನನ್ನು ಖಾನಾಪುರದ ಮನೆಗೆ ಊಟಕ್ಕೆ ಕರೆದರು. ಶಿವಲಿಂಗವ್ವ ಕಾಕು ಶೇಂಗಾ ಹೋಳಿಗೆ ಮಾಡಿದ್ದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹೋಳಿಗೆ ಯಾಕೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಮೂರನೆಯ ಹೋಳಿಗೆಗೆ ಕಾಕು ತುಪ್ಪ ಹಾಕಿದ ಮೇಲೆ ಕಾಕಾ ಬಾಯಿ ಬಿಟ್ಟರು.

"ಎಣ್ಣಿ ಕಾಯಸದ ಚಾಲೂ ಮಾಡೀವಿ ಅಂತ ಗೊತ್ತಾತಂದ್ರ ಏಜೆನ್ಸಿ ಹೋತು. ಸುಳ್ಳ ಸಹಿ ನಂದೈತಿ. ಮಾಲಕನ ತಪ್ಪಿದ್ರ ಕಂಪನಿ ಬಿಡೂದಿಲ್ಲ."

"ಮತ್ತ?"

"ಕೆಲಸಗಾರನ ತಪ್ಪಿದ್ರ ಏಜೆನ್ಸಿಗೆ ಬರೇ ವಾರ್ನಿಂಗ್. ಬೆಸಿಗಿ ಹಾಕೂವಾಗ ನೈಟ್ರೋಜನ್ ಬಿಟ್ಟಿಲ್ಲ, ಪೈಪ್ ಒಳಗ ಕರ್ರಗಾಗಿ ಅದ ಕಂಪ್ರೆಸರ್ ತಿಂತು ಅಂದ್ರ ಮುಗೀತು. ಆ ಕೆಲಸಗಾರನ ಸರ್ಟಿಫಿಕೇಟ್ ಒಂದ ರದ್ದ ಆಗತೈತಿ."

ಕೈಯಲ್ಲಿದ್ದ ತುಂಡನ್ನು ತಾಟಿಗೆ ಇಟ್ಟೆ. "ನಾ ನೈಟ್ರೋಜನ್ ಬಿಟ್ಟಿಲ್ಲ ಅಂತ ಹೇಳಬೇಕೇನ್ರಿ ಕಾಕಾ? ನಾ?"

"ನನಗ ಗೊತ್ತಿಲ್ಲೇನೋ ನಿನ್ನ ಕೈ? ನಾ ಕಲಿಸಿದ ಕೈ ಅದು. ಕಾಗದದಾಗ ಅಷ್ಟ. ನಿನಗ ಪಗಾರ ನಿಲ್ಲೂದಿಲ್ಲ, ಎರಡ ವರ್ಷಕ್ಕ ಹೊಸಾ ಸರ್ಟಿಫಿಕೇಟ್ ಮಾಡಸ್ತೇನಿ. ಏಜೆನ್ಸಿ ಹೋದ್ರ ಹದಿನಾಕ ಮಂದಿ ಒಲಿ ಆರತಾವು, ವಿಚಾರ ಮಾಡು."

ನಾನು ಕಾಕುವಿನ ಮುಖ ನೋಡಿದೆ, ಅವರಾದರೂ ಏನಾದರೂ ಅಂದಾರೆಂದು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಮನಿ ಮಗಾ ಅಂತ ಕೇಳಾಕತ್ತಾರಪಾ. ಹೊರಗಿನವರನ್ನ ಕೇಳಾಕ ಬರ್ತೈತೇನ?" ಅಂದರು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅವ್ವ ಪದ್ಮವ್ವ ನನ್ನನ್ನು ವಾಡಿಯಿಂದ ಕಳಿಸುವಾಗಲೇ ಹೇಳಿ ಕಳಿಸಿದ್ದಳು. ಆರು ವರ್ಷದ ರೊಟ್ಟಿಗಳು ಎದೆಯ ಮೇಲೆ ಬಂದು ಕೂತವು. ಹೂಂ ಅಂದೆ.

ಮನೆಗೆ ಬಂದು ಹೇಳಿದಾಗ ಲಕ್ಷ್ಮೀ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು.

"ಅವರ ಮನಿ ಉಳೀಲಿ ಅಂತ ನಿಮ್ಮ ಕೈ ಮಾರಿ ಬಂದ್ರೇನು? ಹೋಳಿಗಿ ತಿಂದು?"

"ಅವರ ಅನ್ನಾ ತಿಂದೇನಿ."

"ಅನ್ನಾ ತಿಂದ್ರಿ, ದುಡದೂ ಕೊಟ್ರಿ. ಹದಿಮೂರು ವರ್ಷ ದುಡದಿದ್ದು ಎಲ್ಲಿ ಹೋತು? ನಾಳೆ ಯಾರರೇ, ಸತ್ಯಪ್ಪನ ಕೈಯಾಗ ಕೆಲಸಾ ಕೊಡಬ್ಯಾಡ್ರಿ ಅಂದ್ರ ಕಾಕಾ ಬಂದ ಖರೇ ಹೇಳತಾರೇನ?"

"ಕಾಕಾಗ ಗೊತ್ತೈತಿ, ನನಗ ಗೊತ್ತೈತಿ. ಅಷ್ಟ ಸಾಕು," ಅಂದೆ.

ಅವಳು ಗೋಡೆಯ ಮೇಲಿನ ಸರ್ಟಿಫಿಕೇಟನ್ನು ತೆಗೆದು ಟ್ರಂಕಿನಲ್ಲಿಟ್ಟಳು. ನಾಲ್ಕು ದಿನ ನನಗೆ ಬಡಿಸುವಾಗ ತಾಟನ್ನು ಸಪ್ಪಳ ಮಾಡಿಯೇ ಇಟ್ಟಳು.

ಬಾಯಿಂದ ಹೇಳಿದರೆ ಸಾಲದು, ಇಂಜಿನಿಯರಿಗೆ ಕರ್ರಗಾದ ಪೈಪು ತೋರಿಸಬೇಕು. ನನ್ನ ಪೈಪುಗಳನ್ನು ಎಲ್ಲಿ ಕೊಯ್ದರೂ ಕಪ್ಪು ಸಿಕ್ಕುವುದಿಲ್ಲ, ಸಿಕ್ಕುವುದಾದರೂ ಹೇಗೆ? ಹಾಗಾಗಿ ಸೋಮವಾರ ಮಧ್ಯಾಹ್ನ, ಉಳಿದವರನ್ನೆಲ್ಲ ಬೇರೆ ಸೈಟಿಗೆ ಕಳಿಸಿ, ಗೋದಾಮಿನಲ್ಲಿ ನಾವಿಬ್ಬರೇ ಕುಳಿತೆವು. ಅದೇ ಅಳತೆಯ ಪೈಪು, ಅದೇ ಕವಲು. ನಾನು ಬೆಂಕಿ ಹಚ್ಚಿ ಬೆಸೆದೆ. ತಣ್ಣಗಾದ ಮೇಲೆ ಕಾಕಾ ಕಟರಿನಿಂದ ಕೊಯ್ದು ಒಳಗೆ ನೋಡಿದರು. ಲಕಲಕ ಹೊಳೆಯುತ್ತಿತ್ತು.

"ಏನೋ ಇದು?"

ನನಗೇ ಗೊತ್ತಾಗಿರಲಿಲ್ಲ. ಬೆಂಕಿ ಹಚ್ಚುವ ಮೊದಲು ನನ್ನ ಎಡಗೈ ತನ್ನಷ್ಟಕ್ಕೆ ತಾನೇ ಹೋಗಿ ನೈಟ್ರೋಜನ್ ನಳಿಗೆ ಸಿಕ್ಕಿಸಿ ಚಾವಿ ತಿರುವಿತ್ತು. ಹದಿಮೂರು ವರ್ಷದ ರೂಢಿ, ಕೈ ನನ್ನ ಮಾತು ಕೇಳಬೇಕಲ್ಲ! ನಗು ಬಂತು. ಕಾಕಾ ನಗಲಿಲ್ಲ. ಸಿಲಿಂಡರಿನ ಚಾವಿ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡು, "ಇನ್ನೊಮ್ಮಿ ಮಾಡು," ಅಂದರು.

ಮಾಡಿದೆ. ಒಳಗೆ ತಾಮ್ರ ಸುಡುವುದು ಕಣ್ಣಿಗೆ ಕಾಣುವುದಿಲ್ಲ, ಆದರೆ ನನಗೆ ಗೊತ್ತಾಗುತ್ತಿತ್ತು. ಬೆಸೆಯುವ ಬೆಳ್ಳಿಯ ಕಡ್ಡಿ ಕರಗಿ ಕವಲಿನ ಸುತ್ತ ಹರಿಯಿತು. ಕೊಯ್ದಾಗ ಒಳಮೈ ಒಲೆಯ ಮೇಲಿನ ಹೆಂಚಿನ ತಳದಂತೆ ಕರ್ರಗಿತ್ತು, ಬೆರಳಿಟ್ಟರೆ ಹೊಪ್ಪಳೆ ಎದ್ದುಬರುತ್ತಿತ್ತು. ನನ್ನ ಕೈಯಿಂದ ಅಂಥದು ಅದೇ ಮೊದಲು. ಹಿಂದೆ ಹೋಗಿ ನಳದಲ್ಲಿ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದುಕೊಂಡೆ. ಬಂದು ನೋಡಿದರೆ ಕಾಕಾ ಆ ತುಂಡನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು.

ಬುಧವಾರ ಇಂಜಿನಿಯರು ಬಂದರು. ಶಶಿಧರ ಅಂತ ಹೆಸರು, ನಿವೃತ್ತಿಗೆ ಬಂದ ಮನುಷ್ಯ. ಬೆರಳುಗಳ ಮೇಲೆ ಹಳೆಯ ಸುಟ್ಟ ಕಲೆ ನೋಡಿದ ಕೂಡಲೇ ಇವರೂ ಬೆಂಕಿ ಹಿಡಿದವರೇ ಎಂದು ತಿಳಿಯಿತು. ತಾರಸಿಯ ಮೇಲೆ ಕಾಕಾ ತುಂಡನ್ನು ಅವರ ಕೈಗೆ ಕೊಟ್ಟರು.

"ನಾ ಬರೂಕಿಂತ ಮೊದಲ ಯಾಕ ಕೊಯ್ದ್ರಿ?"

"ಕಾರಣ ಹುಡುಕೂಣು ಅಂತ ಕೊಯ್ದ್ವಿ ಸರ್."

ಅವರು ಒಳಮೈ ನೋಡಿದ್ದು ಒಂದು ಗಳಿಗೆ. ಹೊರಮೈಯನ್ನು ಮಾತ್ರ ಕನ್ನಡಕ ತೆಗೆದು, ಬಿಸಿಲಿಗೆ ಹಿಡಿದು, ತಿರುವಿ ತಿರುವಿ ನೋಡಿದರು. ಕವಲಿನ ಸುತ್ತ ಬೆಳ್ಳಿ ಒಂದೇ ಸಮ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಒಳಗೆ ಕೆಡಿಸಿದ್ದೆ, ಹೊರಗೆ ಕೆಡಿಸುವುದು ನನಗೆ ಹೊಳೆದಿರಲೇ ಇಲ್ಲ.

"ಇದನ್ನ ಮಾಡಿದಾಂವ ನೀನ ಏನಪಾ?"

"ಹೌದ್ರಿ."

"ಹಿಂಗ ಬೆಸಿಯಾಂವ ನೈಟ್ರೋಜನ್ ಮರೀತಾನೇನ?"

ಅವರು ಕಾಕಾರ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಯಂತ್ರದ ನೆನಪಿನ್ಯಾಗ ಉದ್ಘಾಟನಾ ದಿನದ್ದು ಏನೂ ಉಳದಿಲ್ಲ, ಹೊಸಾದು ಬಂದಂಗ ತಾನ ಅಳಸಿ ಹೋಗೈತಿ. ನೀವು ಹೇಳಿದ್ದ ನಾ ಬರ್ಯಾಂವ. ಆದ್ರ ಒಂದ ಮಾತು. ಪೈಪ್ ಒಳಗ ಕಪ್ಪೈತಿ ಅಂತ ನಾ ಬರದ್ರ ಹೊಸಾ ಕಂಪ್ರೆಸರ್ ಆ ಪೈಪಿಗೆ ಹಚ್ಚಾಕ ಬರೂದಿಲ್ಲ. ನಾಕೂ ಮಾಳಿಗಿ ಪೈಪ್ ಕೊಯ್ದ ಒಗೀಬೇಕು. ನೀ ಹಾಕಿದ್ದೆಲ್ಲಾ. ತಿಳೀತಿಲ್ಲೋ? ಇನ್ನೊಂದ ಕಡೆ ಕೊಯ್ದ ನೋಡೂಣೇನ?"

ಅವರಿಗೆ ಗೊತ್ತಾಗಿತ್ತು. ದಾರಿ ತೆರೆದು ನಿಂತಿದ್ದರು, ನಾನು ಹೂಂ ಅಂದರೆ ಸಾಕಿತ್ತು. ಅಷ್ಟೂ ಪೈಪು ಕೊಯ್ಯಬೇಕಾದೀತೆಂದು ನಾನು ಎಣಿಸಿರಲಿಲ್ಲ. ಕಾಕಾರೂ ಎಣಿಸಿರಲಿಲ್ಲ, ಅವರ ಮುಖ ಬೂದಿಯಾಗಿತ್ತು. ಆರು ತಿಂಗಳು ನಿಚ್ಚಣಿಕೆಯ ಮೇಲೆ ಕತ್ತು ಸೊಟ್ಟ ಮಾಡಿಕೊಂಡು ಹಾಕಿದ ಬೆಸುಗೆಗಳು ಕಣ್ಣೆದುರು ಬಂದವು. ಬಾಯಿ ತೆರೆದೆ. ಬಾಜು ನಿಂತಿದ್ದ ಕಾಕಾ ಮೆಲ್ಲಗೆ, "ಸತ್ಯಾ," ಅಂದರು. ಊಟಕ್ಕೆ ಕರೆಯುವಾಗಿನ ದನಿ.

"ಎಲ್ಲಾ ಹಿಂಗ ಅದಾವ್ರಿ ಸರ್. ಸಿಲಿಂಡರ್ ಹೊರಾಕ ಬ್ಯಾಸರಾಗಿ ನೈಟ್ರೋಜನ್ ಬಿಟ್ಟಿಲ್ರಿ," ಅಂದೆ.

ಶಶಿಧರ ಅವರು ನಿಟ್ಟುಸಿರು ಬಿಟ್ಟು ಕಾಗದ ಮುಂದಿಟ್ಟರು. ತನ್ನ ಕುತ್ತಿಗೆ ತಾನೇ ಕೊಡುವವನನ್ನು ಅವರಾದರೂ ಎಷ್ಟೆಂದು ಹಿಡಿದಾರು? ಸಹಿ ಮಾಡಿದೆ. ಸರ್ಟಿಫಿಕೇಟನ್ನು ಟ್ರಂಕಿನಿಂದ ತಂದುಕೊಟ್ಟೆ. ಏಜೆನ್ಸಿ ಉಳಿಯಿತು. ಚನ್ನಬಸಯ್ಯನವರು ನನ್ನನ್ನು ಕಂಡಲ್ಲೆಲ್ಲ, "ಇಂಥಾವರ ಕೈಯಾಗ ಕೆಲಸಾ ಕೊಟ್ರ ಮುಗೀತು," ಅನ್ನತೊಡಗಿದರು. ಅವರಿಗೇನು, ಅವರ ಮಟ್ಟಿಗೆ ಅದೇ ಖರೆ.

ಪೈಪು ಕೊಯ್ಯುವ ಕೆಲಸ ಜನವರಿಯಲ್ಲಿ ಸುರುವಾಯಿತು. ನಾನಿನ್ನು ಬೆಂಕಿ ಮುಟ್ಟುವಂತಿಲ್ಲ, ಕಟರು ಮುಟ್ಟಬಹುದು. ಹೊಸ ಬೆಸುಗೆಗೆ ಕಾಕಾ ರಾಮಲಿಂಗನನ್ನು ಹಚ್ಚಿದರು. ರಾಮಲಿಂಗ ಲಕ್ಷ್ಮೀಯ ತಮ್ಮ, ಎರಡು ಮಕ್ಕಳ ತಂದೆ. ಕೈ ಒಳ್ಳೆಯದು, ಕಲಿಸಿದವನು ನಾನೇ. ಹಿಂದಿನ ವಾರವಷ್ಟೇ ಪರೀಕ್ಷೆ ಕೊಟ್ಟು ಸರ್ಟಿಫಿಕೇಟ್ ತಂದಿದ್ದ. ಪೇಢೆ ಕೊಡಲು ಬಂದವನು ನನ್ನ ಮುಖ ನೋಡಲಾಗದೆ ಅಕ್ಕನ ಕೈಗೆ ಕೊಟ್ಟು ಹೋದ.

ಕಟರು ಒಂದು ಸುತ್ತು ಬರುತ್ತದೆ, ಪೈಪು ಕೈಗೆ ಬೀಳುತ್ತದೆ. ಒಂದೊಂದನ್ನೂ ನೋಡದೆ ಇರಬೇಕೆಂದುಕೊಂಡಿದ್ದೆ, ಆಗಲಿಲ್ಲ. ಕಿಟಕಿಯ ಕಡೆ ಹಿಡಿದರೆ ಆ ತುದಿಯಿಂದ ಈ ತುದಿಯವರೆಗೆ ಬೆಳಕು ಹರಿಯುತ್ತಿತ್ತು. ಎಲ್ಲೂ ಒಂದು ಚುಕ್ಕೆ ಇಲ್ಲ. ಗುಜರಿಯವನು ಮೊದಲ ಖೇಪಿನ ತಾಮ್ರ ಒಯ್ಯುವಾಗ, "ಹೊಸಾದ ಐತೆಲ್ರಿ ಇದು, ಯಾಕ ಕೊಯ್ದ್ರಿ?" ಎಂದು ಕೇಳಿದ. ಹೆಚ್ಚಾಗಿತ್ತು, ಅದಕ್ಕೇ ಕೊಯ್ದೆವು ಎಂದು ಹೇಳಿದೆ. ರಾಮಲಿಂಗ ಮೂರನೆಯ ದಿನ ಒಂದು ತುಂಡು ಹಿಡಿದುಕೊಂಡು ಬಂದ.

"ಮಾಮಾ, ಒಂದರಾಗೂ ಕಪ್ಪಿಲ್ಲಲ್ಲ."

"ಸುಮ್ನ ನಿನ್ನ ಕೆಲಸಾ ನೋಡು."

"ನಿಮಗ ಹೊಟ್ಟಿ ಉರಿಯೂದಿಲ್ಲೇನು?"

"ಉರೀತೈತಿ. ಕಾಕಾಗ ಗೊತ್ತೈತಿ, ಸಾಕು," ಅಂದೆ. ಖರೆ ಹೇಳುತ್ತೇನೆ, ಆ ಒಂದು ಮಾತಿನ ಮೇಲೆಯೇ ನಾನು ಆ ತಿಂಗಳು ಉಂಡು, ಮಲಗಿ, ಎದ್ದು ಕೆಲಸಕ್ಕೆ ಬಂದೆ. ಊರೆಲ್ಲ ಏನಾದರೂ ಅನ್ನಲಿ, ಬೆಸುಗೆ ಗೊತ್ತಿರುವ ಒಬ್ಬರಿಗೆ ನನ್ನ ಬೆಸುಗೆ ಗೊತ್ತಿದೆ.

ಮೂರನೆಯ ಮಾಳಿಗೆಯಲ್ಲಿ ದೊಡ್ಡ ಕವಲು ಬೆಸೆಯುವ ದಿನ. ಮಧ್ಯಾಹ್ನದ ಊಟದ ಹೊತ್ತು, ಆಫೀಸಿನವರೆಲ್ಲ ಕೆಳಗೆ ಹೋಗಿದ್ದರು. ರಾಮಲಿಂಗ ಬೆಂಕಿ ಹಚ್ಚುವ ಮೊದಲು, "ಮಾಮಾ, ಈ ಪೈಪ್ ದಪ್ಪೈತಿ, ನೈಟ್ರೋಜನ್ ಎಷ್ಟ ಬಿಡ್ಲಿ?" ಎಂದು ಕೇಳಿದ. ನಾನು ಕಟರು ಕೆಳಗಿಟ್ಟು ಹೋಗಿ ಪೈಪಿನ ತುದಿಗೆ ಅಂಗೈ ಹಿಡಿದು, ಇನ್ನೊಂದು ಕೈಯಿಂದ ಚಾವಿಯನ್ನು ತುಸು ಸಡಿಲಿಸಿ ತೋರಿಸುತ್ತಿದ್ದೆ. ಕಾಕಾ ಮೆಟ್ಟಿಲೇರಿ ಬಂದರು.

"ಸತ್ಯಾ, ಅದರ ಸನೇಕ ಹೋಗಬ್ಯಾಡ."

"ಎಷ್ಟ ಬಿಡಬೇಕಂತ ಕೇಳಿದ್ನ್ರಿ, ತೋರ್ಸಾಕತ್ತಿದ್ದೆ."

"ಅವನ್ನ ಯಾಕ ಕೇಳ್ತಿ ರಾಮಲಿಂಗ? ಅಂವಾ ನೆಟ್ಟಗ ನೈಟ್ರೋಜನ್ ಬಿಟ್ಟಿದ್ರ ನಮಗ ಈ ಗತಿ ಯಾಕ ಬರ್ತಿತ್ತು? ಎಷ್ಟ ಸಲ ಬಡಕೊಂಡೇನಿ, ಬ್ಯಾಸರಾ ಮಾಡಬ್ಯಾಡ, ಬ್ಯಾಸರಾ ಮಾಡಬ್ಯಾಡ ಅಂತ."

ಹಿಂದೆ ಯಾರಾದರೂ ಬಂದಿದ್ದಾರೇನೋ, ಅವರ ಕಿವಿಗೆ ಬೀಳಲೆಂದು ಹೇಳುತ್ತಿರಬೇಕು ಎಂದು ಬಗ್ಗಿ ನೋಡಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಕಾಕಾರ ಮುಖ ನೋಡಿದೆ, ಕಣ್ಣು ಮಿಟುಕಿಸುತ್ತಾರೆಂದು. ಇಲ್ಲ. ಮಗ ಕೆಟ್ಟು ಹೋದರೆ ಅಪ್ಪನಿಗೆ ಬರುವಂಥ ಸಿಟ್ಟು ಇತ್ತು, ಖರೇ ಸಿಟ್ಟು.

"ಕಾಕಾ," ಅಂದೆ, "ಇಲ್ಲಿ ಯಾರೂ ಇಲ್ರಿ. ನಾವ ಅದೇವಿ."

"ಯಾರೂ ಇಲ್ಲಂದ್ರ? ಮಂದಿ ಇದ್ರ ಒಂದು, ಇಲ್ಲಂದ್ರ ಒಂದು ಮಾತಾಡಾಂವ ಏನೋ ನಾ?"

ಕಾಕಾ ಬಗ್ಗಿ, ನಾನು ಸಡಿಲಿಸಿದ್ದ ಚಾವಿಯನ್ನು ಬಂದ್ ಮಾಡಿ, ಮೊದಲಿನಿಂದ ತಾವೇ ತಿರುವಿ ರಾಮಲಿಂಗನಿಗೆ ತೋರಿಸಿದರು. ನಾನು ತೋರಿಸಿದಷ್ಟೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ, "ಊಟಾ ಆತೇನ? ಹೋಗು, ಕಾಕು ಡಬ್ಬಿ ಕಟ್ಯಾಳ, ಗಾಡ್ಯಾಗ ಐತಿ," ಅಂದರು.

ಹಸಿವಿಲ್ಲ ಎಂದು ಹೇಳಿದೆ. ಕಟರು ಎತ್ತಿಕೊಂಡು ಮುಂದಿನ ಪೈಪಿಗೆ ಹಚ್ಚಿದೆ.